ಕೂಗದ ಹನ್ನೊಂದನೆಯ ಬಾಗಿಲು

ಸ್ವಿಚ್ಚಮ್ಮ ಕೂತಲ್ಲಿ ಕೂತದ್ದನ್ನು ಕಂಡವರಿಲ್ಲ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಸಾಕು, ಅವಳ ಕೈ ತಾನಾಗಿ ಗೋಡೆಯ ಕಡೆ ಹೋಗುತ್ತಿತ್ತು. ಒಮ್ಮೆ ಮೇಲಿನ ಮಹಡಿಯ ನರ್ಸು ಬಚ್ಚಲಲ್ಲಿ ಇರುವಾಗಲೇ ದೀಪ ಆರಿಸಿ, ಒಳಗಿನಿಂದ ಏಳೇಳು ಜನ್ಮಕ್ಕಾಗುವಷ್ಟು ಬೈಸಿಕೊಂಡಿದ್ದಳು. ಆ ದಿನ ಅಂಟಿದ ಹೆಸರು ಆಮೇಲೆ ಬಿಟ್ಟುಹೋಗಲಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ಕೋಣೆ ಅವಳ ಪಾಲಿನದು. ಮೆಟ್ಟಿಲ ಪಕ್ಕದ ಆ ಇಕ್ಕಟ್ಟು ಕೋಣೆಯಲ್ಲಿ ಕಪಾಟಿನೆತ್ತರದ ಸರ್ವರ್ ಹಗಲು ರಾತ್ರಿ ಗುಂಯ್ಗುಡುತ್ತಿತ್ತು. ಕೆಲಸಕ್ಕೆ ಸೇರಿ ಹತ್ತು ತಿಂಗಳಾದರೂ ಅವಳಿನ್ನೂ ಹಂಗಾಮಿ. ಕಾಯಂ ಆಗುವ ಕಾಗದ ಆಡಳಿತಾಧಿಕಾರಿಯ ಮೇಜಿನ ಮೇಲೆ ಸಹಿಗಾಗಿ ಕಾದು ಬಿದ್ದಿತ್ತು.

ಅಷ್ಟರಲ್ಲಿ ಊರಿನ ಇನ್ನೊಂದು ಆಸ್ಪತ್ರೆಯ ಕಂಪ್ಯೂಟರಿಗೆ ಹೊರಗಿನ ಯಾರೋ ನುಗ್ಗಿ, ಒಂಬತ್ತು ದಿನ ರೋಗಿಗಳ ಒಂದು ಕಡತವೂ ತೆರೆಯದ ಹಾಗೆ ಮಾಡಿಟ್ಟರು. ನುಗ್ಗಿದ್ದು ಯಾವ ದಾರಿಯಿಂದ? ವರ್ಷಗಳಿಂದ ಯಾರೂ ಬಳಸದೆ, ಯಾರೂ ಮುಚ್ಚದೆ ಬಿಟ್ಟಿದ್ದ ದಾರಿಯಿಂದ. ಸುದ್ದಿ ಕೇಳಿದ ಅಧಿಕಾರಿ ಸೋಮವಾರ ಬೆಳಗ್ಗೆಯೇ ಸ್ವಿಚ್ಚಮ್ಮನನ್ನು ಕರೆಸಿದರು.

"ನಮ್ಮ ಸರ್ವರಲ್ಲಿ ಬೇಡದ್ದು ಏನೇನಿದೆಯೋ ಎಲ್ಲಾ ಮುಚ್ಚಮ್ಮ. ಮುಂದಿನ ಸೋಮವಾರ ತಪಾಸಣೆಯವರು ಬರ್ತಾರೆ. ಬೇಡದ್ದು ಒಂದು ತೆರೆದಿದ್ರೂ ನಿನ್ನ ಕಾಗದಕ್ಕೆ ನಾನು ಸಹಿ ಹಾಕಲ್ಲ. ಹಾಗಂತ ಬೇಕಾದ್ದು ಒಂದು ನಿಂತುಹೋಯ್ತೋ, ಆಗಲೂ ಹಾಕಲ್ಲ."

"ಅಂದ್ರೆ ಅತ್ತ ದರಿ, ಇತ್ತ ಹುಲಿ ಅನ್ನಿ ಸಾರ್."

"ಹುಲಿ ನಾನಲ್ಲಮ್ಮ, ತಪಾಸಣೆಯವರು. ನಾನು ದರಿ," ಎಂದು ಅವರು ಕನ್ನಡಕ ಒರೆಸಿಕೊಂಡರು.

ಸರ್ವರ್ ಎಂದರೆ ದೊಡ್ಡ ಮನೆಯಿದ್ದ ಹಾಗೆ. ಅದರ ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬ ಆಳು ಕಿವಿಗೊಟ್ಟು ಕೂತಿರುತ್ತಾನೆ. ಹೊರಗಿನಿಂದ ಯಾರಾದರೂ ತಟ್ಟಿದರೆ 'ಏನು ಬೇಕು' ಎಂದು ಎದ್ದು ಬರುತ್ತಾನೆ. ಇಂಥ ಆಳಿಗೆ ಕಂಪ್ಯೂಟರಿನವರು ಸರ್ವಿಸ್ ಎನ್ನುತ್ತಾರೆ. ಯಾರ್ಯಾರು ಕೂತಿದ್ದೀರಿ ಎಂದು ಸ್ವಿಚ್ಚಮ್ಮ ಯಂತ್ರವನ್ನೇ ಕೇಳಿದಳು. ಹನ್ನೊಂದು ಹೆಸರು ಬಂದವು. ಎಕ್ಸ್‌ರೇ ಚಿತ್ರ ಹಂಚುವವನು, ಎಲ್ಲ ಕಂಪ್ಯೂಟರುಗಳ ಗಡಿಯಾರ ಒಂದೇ ಸಮ ಇಡುವವನು, ಹೀಗೆ ಆರು ಮಂದಿ ಬೇಕಾದವರು. ಒಬ್ಬ ಪ್ರಿಂಟರು ಹುಡುಕಿಕೊಡುವವನು. ಮೂವರು ಎಂದೋ ಗುಜರಿಗೆ ಹೋದ ಕಂಪ್ಯೂಟರುಗಳಿಗಾಗಿ ಇನ್ನೂ ಕಾದು ಕೂತವರು. ಹನ್ನೊಂದನೆಯವನು ಯಾರೆಂದು ಯಾರಿಗೂ ತಿಳಿಯದು. ಅವನನ್ನು ಕೂರಿಸಿದ ಮನುಷ್ಯ ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಅವನ ಫೋನಿಗೆ ಈಗ ಬೇರೆ ಯಾರೋ ಹೆಂಗಸು "ರಾಂಗ್ ನಂಬರ್ ರೀ" ಎನ್ನುತ್ತಿದ್ದಳು. ಇಡೀ ತಿಂಗಳ ದಾಖಲೆ ತೆಗೆದು ನೋಡಿದರೆ ಈ ಹನ್ನೊಂದನೆಯವನ ಬಾಗಿಲನ್ನು ಒಬ್ಬರೂ ತಟ್ಟಿರಲಿಲ್ಲ.

ಕಂಪ್ಯೂಟರ್ ಕೋಣೆಯವರದು ಹಳೆಯ ಪದ್ಧತಿ ಒಂದುಂಟು. ಅನುಮಾನ ಬಂದದ್ದನ್ನು ಮುಚ್ಚು, ಒಂದು ವಾರ ಕಾಯಿ, ಯಾರು ಕೂಗುತ್ತಾರೆ ನೋಡು. ಯಾರೂ ಕೂಗದಿದ್ದರೆ ಅದು ಯಾರಿಗೂ ಬೇಡ ಎಂದರ್ಥ, ಆಮೇಲೆ ಬೇರುಸಹಿತ ತೆಗೆದುಹಾಕು. ಸ್ವಿಚ್ಚಮ್ಮ ಆ ದಿನವೇ ಉಳಿದ ಐವರನ್ನೂ ನಿಲ್ಲಿಸಿದಳು. ಯಂತ್ರ ಆರಿ ಹೊತ್ತಿದರೂ ತಾವಾಗಿ ಏಳದಂತೆ ಮಾಡಿದಳು.

ಅರ್ಧ ಗಂಟೆಯೊಳಗೆ ಔಷಧಿ ಅಂಗಡಿಯವನು ಕೂಗಿದ. "ನನ್ನ ಪ್ರಿಂಟರ್ ಎಲ್ಲಮ್ಮಾ ಹೋಯ್ತು? ನಿನ್ನೆ ಇಲ್ಲೇ ಇತ್ತಲ್ಲ!" ಅವಳು ಹೋಗಿ ಅವನ ಕಂಪ್ಯೂಟರಿಗೆ ಪ್ರಿಂಟರಿನ ವಿಳಾಸ ನೇರವಾಗಿ ಬರೆದುಕೊಟ್ಟು, ಹುಡುಕಿಕೊಡುವವನ ಬಾಗಿಲನ್ನು ಮುಚ್ಚಿಯೇ ಇಟ್ಟಳು. ಅದಾದ ಮೇಲೆ ಮಂಗಳವಾರ ಸದ್ದಿಲ್ಲ. ಬುಧವಾರ ಸದ್ದಿಲ್ಲ. ಸದ್ದಿಲ್ಲದಿರುವುದು ಒಳ್ಳೆಯದೇ, ಆದರೂ ಅವಳಿಗೆ ನೆಮ್ಮದಿಯಿಲ್ಲ. ಫೋನು ರಿಂಗಾದರೆ ಓಡಿಬಂದು ಎತ್ತುತ್ತಿದ್ದಳು, ಆಗದಿದ್ದರೂ ಎತ್ತಿ ಕಿವಿಗಿಟ್ಟು ಜೀವ ಇದೆಯೇ ನೋಡುತ್ತಿದ್ದಳು. ಶನಿವಾರ ಸಂಜೆ ಮನೆಗೆ ಬಂದವಳು ಅನ್ನದ ಪಾತ್ರೆಗೆ ಮೂರು ಸಲ ಮುಚ್ಚಳ ಮುಚ್ಚಿ, ಮೂರು ಸಲ ತೆಗೆದಳು.

"ಅದರೊಳಗೂ ಯಾರಾದ್ರೂ ನುಗ್ತಾರೇನೇ?" ಎಂದ ಗಂಡ.

ಮಾರನೆಯ ಬೆಳಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಹಜಾರಕ್ಕೆ ಬಂದರು. ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಇನ್ನೊಂದು ಇಟ್ಟು ನಿಲ್ಲುವುದು.

"ಏನತ್ತೆ, ಸೊಂಟಾನಾ? ರಾತ್ರಿ ಕರೆಂಟಿನ ಬಿಸಿಪಟ್ಟಿ ಹಾಕ್ಕೊಳ್ಳಲಿಲ್ವಾ?"

"ಅದು ಬಿಸಿಯಾಗ್ತಿಲ್ಲ ಕಣೆ. ಸೋಮವಾರದಿಂದಾನೂ."

ಸೋಮವಾರ ಎಂದಾಗ ಸ್ವಿಚ್ಚಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅತ್ತೆಯ ಮಂಚದಡಿಯ ಗೋಡೆಯ ಸ್ವಿಚ್ಚಿನಲ್ಲಿ ಒಂದು ಕೆಂಪು ದೀಪ ಸುಮ್ಮನೆ ಉರಿಯುತ್ತಿದೆ ಎಂದು ಆ ಬೆಳಗ್ಗೆ ಕಸ ಗುಡಿಸುವಾಗ ಆರಿಸಿದವಳು ತಾನೇ.

"ಆರು ದಿನದಿಂದ ನೋವು ತಿಂತಿದ್ದೀರ! ಒಂದು ಮಾತು ಹೇಳಬಾರದಾ?"

"ನೀನೇ ಆರಿಸಿದ ಮೇಲೆ ಏನೋ ಕಾರಣ ಇರುತ್ತೆ ಅಂದ್ಕೊಂಡೆ. ಸುಮ್ನೆ ಯಾಕೆ ಕೂಗಾಡೋದು?"

"ಅಮ್ಮ ಹಾಗೇ ಬಿಡು," ಎಂದ ಗಂಡ, "ನನ್ನ ಸ್ವಿಚ್ ಎಲ್ಲಿದೆ ಅಂತ ನಿನಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ನಾನು ಬದುಕಿದ್ದೀನಿ."

ಸ್ವಿಚ್ಚಮ್ಮ ನಗಲಿಲ್ಲ. ಅಳುವ ಕೂಸಿಗೆ ಹಾಲು ಎನ್ನುತ್ತಾರೆ. ಅಳದ ಕೂಸಿಗೆ ಹಸಿವಿಲ್ಲ ಎಂದು ಯಾರು ಹೇಳಿದರು? ಅತ್ತೆಯ ಸ್ವಿಚ್ಚು ಒತ್ತಿ, ಪಟ್ಟಿ ಬೆಚ್ಚಗಾದದ್ದನ್ನು ಅಂಗೈಯಿಂದ ಮುಟ್ಟಿ ನೋಡಿ, ಗಂಡನ ಚಪ್ಪಲಿಯನ್ನೇ ಮೆಟ್ಟಿಕೊಂಡು ಅವಳು ಓಡಿದಳು.

ಭಾನುವಾರದ ಆಸ್ಪತ್ರೆ ಬಿಕೋ ಎನ್ನುತ್ತಿತ್ತು. ಸರ್ವರಿನಿಂದ ಹೊರಡುವ ವೈರುಗಳೆಲ್ಲ ಕೋಣೆಯ ಒಂದು ಮೂಲೆಯಲ್ಲಿ ಗಂಟು ಕೂಡುತ್ತವೆ. ಅಲ್ಲಿ ಒಂದೊಂದಕ್ಕೂ ಅಂಟಿಸಿದ ಚೀಟಿ ಓದುತ್ತ ಬಂದಳು. ಎಕ್ಸ್‌ರೇ, ಔಷಧಿ, ಹೆರಿಗೆ ವಾರ್ಡು... ಯಾರೆಂದು ತಿಳಿಯದ ಹನ್ನೊಂದನೆಯವನ ಹಾಗೇ ಕೊನೆಯ ಬೂದು ವೈರಿಗೂ ಚೀಟಿ ಇರಲಿಲ್ಲ. ಅದನ್ನು ಬೆರಳಲ್ಲಿ ಸವರಿಕೊಂಡು ಹೊರಟಳು. ವೈರು ಬಾಗಿಲ ಚೌಕಟ್ಟು ಹತ್ತಿ ಇಳಿದು, ಮೆಟ್ಟಿಲ ಅಂಚಿನಲ್ಲಿ ಹರಿದು, ನೆಲಮಾಳಿಗೆಗೆ ಹೋಗಿ ರಕ್ತ ಇಡುವ ಕೋಣೆಯೊಳಗೆ ನುಗ್ಗಿತ್ತು.

ಅದರ ಪಕ್ಕದ ಕೋಣೆಯಲ್ಲಿ ಫ್ರಿಜ್ಜಣ್ಣ ಚೀಲಗಳಿಗೆ ಅಂಟಿಸುವ ಚೀಟಿ ಬರೆಯುತ್ತ ಕೂತಿದ್ದ. ಇಪ್ಪತ್ತು ವರ್ಷದಿಂದ ಆ ರಕ್ತದ ಫ್ರಿಜ್ಜು ಕಾಯುವವನು ಅವನೇ.

"ಏನ್ ಸ್ವಿಚ್ಚಮ್ಮ, ಇಲ್ಲೂ ಆರಿಸೋಕೆ ಬಂದ್ಯಾ? ನನ್ನ ಫ್ರಿಜ್ಜು ಮುಟ್ಟಿದ್ರೆ ಕೈ ಮುರೀತೀನಿ, ನೋಡು."

"ಅಣ್ಣಾ, ಆ ಬೂದು ವೈರು ಯಾವುದಕ್ಕೆ?"

"ಅದಾ? ಕಾವಲು ಪೆಟ್ಟಿಗೆಗೆ. ಫ್ರಿಜ್ಜು ಬಿಸಿಯಾದ್ರೆ ಮೇಲಿನ ನಿಮ್ಮ ಸರ್ವರ್ ಮೂಲಕ ನನ್ನ ಫೋನಿಗೆ ಸುದ್ದಿ ಕಳಿಸುತ್ತೆ. ವರ್ಷಕ್ಕೆ ಒಂದು ಸಲ ಬಂದರೆ ಹೆಚ್ಚು."

"ಈ ವಾರ ಬಂತಾ?"

"ಬಿಡ್ತು ಅನ್ನು! ಬರದಿದ್ರೇನೇ ಚೆನ್ನಾಗಿದೆ ಅಂತ."

ಅವಳು ಅಷ್ಟು ಹೊತ್ತಿಗೆ ರಕ್ತದ ಕೋಣೆಯ ಬಾಗಿಲು ತಳ್ಳಿದ್ದಳು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಒಂದು ಅಂಕಿ ಮಿನುಗುತ್ತಿತ್ತು.

"ಎಷ್ಟಿರಬೇಕಣ್ಣ?"

"ಎರಡರಿಂದ ಆರು ಡಿಗ್ರಿ."

"ಎಂಟಿದೆ."

ಫ್ರಿಜ್ಜಣ್ಣ ಕುರ್ಚಿ ಬೀಳಿಸಿಕೊಂಡು ಬಂದ. ಬೆಳಗ್ಗೆ ಅವನೇ ಜೋಡಿಸಿದ್ದ ಕೆಳಗಿನ ತಟ್ಟೆ ಒಂದು ಬೆರಳಷ್ಟು ಹೊರಗೆ ಚಾಚಿ, ಬಾಗಿಲಿನ ರಬ್ಬರು ಕೂರದೆ, ತಣ್ಣನೆಯ ಗಾಳಿ ಮೆಲ್ಲಗೆ ಸೋರುತ್ತಿತ್ತು. ಅವನು ತಟ್ಟೆ ತಳ್ಳಿ ಬಾಗಿಲು ಒತ್ತಿದ. ಅವಳು ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋಗಿ, ಹನ್ನೊಂದನೆಯವನನ್ನು ಎಬ್ಬಿಸಿದಳು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ನೆಲಮಾಳಿಗೆಯಿಂದ ಫ್ರಿಜ್ಜಣ್ಣನ ಫೋನು ಕಟ್ಟಡವೆಲ್ಲ ಕೇಳುವ ಹಾಗೆ ಕಿರುಚಿಕೊಂಡಿತು. ಆರು ದಿನದಿಂದ ಅವಳು ಕಾದಿದ್ದ ಕೂಗು ಅದು. ಸ್ವಿಚ್ಚಮ್ಮ ನೆಲದ ಮೇಲೆ ಕೂತುಬಿಟ್ಟಳು.

ಅವಳು ಕೆಳಗೆ ಬಂದಾಗ ಅಂಕಿ ಏಳಕ್ಕೆ ಇಳಿದಿತ್ತು. ಫ್ರಿಜ್ಜಣ್ಣ ದನಿ ತಗ್ಗಿಸಿದ. "ನೋಡಮ್ಮ, ಬಾಗಿಲು ಬಿಟ್ಟವನು ನಾನು, ಕಾವಲು ತೆಗೆದವಳು ನೀನು. ಇಬ್ಬರೂ ಬಾಯಿ ಮುಚ್ಕೊಂಡ್ರೆ ಮುಗೀತು. ನಾಳೆ ನಿನ್ನ ಕಾಗದಕ್ಕೆ ಸಹಿ ಬೀಳೋದು ತಾನೇ?"

ಅವಳಿಗೆ ಆ ಕಾಗದ ಕಣ್ಣ ಮುಂದೆ ಬಂತು.

"ಆ ಪೆಟ್ಟಿಗೆಯ ಬಾಯಿ ಮುಚ್ಚಿಸಿದ್ದೇ ಸಾಕಣ್ಣ. ಈ ರಕ್ತ ಯಾರ ಮೈಗೆ ಹೋಗುತ್ತೋ ಏನೋ. ರಕ್ತದ ಉಸ್ತುವಾರಿ ಡಾಕ್ಟರಮ್ಮನಿಗೆ ಫೋನ್ ಹಚ್ಚು."

ಡಾಕ್ಟರಮ್ಮ ಬಂದು ಪೆಟ್ಟಿಗೆಯ ಲೆಕ್ಕ ನೋಡಿದರು. ನಲವತ್ತು ನಿಮಿಷ ಬಿಸಿಯೇರಿತ್ತು, ಕೆಡುವಷ್ಟಲ್ಲ. ಬಾಗಿಲ ಬಳಿಯ ಮೂರು ಚೀಲ ಪರೀಕ್ಷೆಗೆ ಬೇರೆ ಇಡಿಸಿದರು, ಉಳಿದವು ಉಳಿದವು.

ಸೋಮವಾರ ತಪಾಸಣೆಯವರು ಬಂದು, ಹನ್ನೊಂದರಲ್ಲಿ ನಾಲ್ಕು ಮುಚ್ಚಿದೆ, ಏಳಕ್ಕೂ ಕಾರಣ ಬರೆದಿದೆ ಎಂದು ತಲೆಯಾಡಿಸಿ ಹೋದರು. ಹನ್ನೊಂದನೆಯದರ ಮುಂದೆ ಅವಳ ದುಂಡು ಅಕ್ಷರ ಇತ್ತು: 'ರಕ್ತದ ಫ್ರಿಜ್ಜಿನದು. ಮಾತಾಡುವುದು ಕೆಟ್ಟಾಗ ಮಾತ್ರ. ಸುಮ್ಮನಿದೆ ಎಂದು ಮುಚ್ಚಬಾರದು.' ಅಧಿಕಾರಿ ಅದನ್ನು ಎರಡು ಸಲ ಓದಿ, ಅವಳ ಕಾಗದವನ್ನು ಮೇಜಿನ ಖಾನೆಯೊಳಗೆ ಇಟ್ಟರು.

"ಇನ್ನಾರು ತಿಂಗಳು ಹಂಗಾಮಿ. ನೀನು ಹೇಳದೇ ಇದ್ದಿದ್ರೆ ಇವತ್ತೇ ಸಹಿ ಹಾಕ್ತಿದ್ನಲ್ಲಮ್ಮ."

"ಗೊತ್ತು ಸಾರ್. ಇದೆಲ್ಲ ಆಗಿದ್ದೇ ಯಾರೂ ಹೇಳದೇ ಇದ್ದದ್ದಕ್ಕೆ."

ಮನೆಗೆ ಬಂದು ಅವಳು ಕೋಣೆಯಿಂದ ಕೋಣೆಗೆ ಸುತ್ತಿದಳು. ಅತ್ತೆ ಬಿಸಿಪಟ್ಟಿ ಕಟ್ಟಿಕೊಂಡು ಕಣ್ಣು ಮುಚ್ಚಿ ಮಲಗಿದ್ದರು. ಮೇಲೆ ದೀಪ ಉರಿಯುತ್ತಿತ್ತು. ಕೈ ಗೋಡೆಯ ತನಕ ಹೋಗಿ ನಿಂತಿತು.

"ಅತ್ತೆ, ಈ ದೀಪ ಬೇಕಾ?"

"ಬೇಡ ಕಣೆ."

"ನಿಜವಾಗ್ಲೂ ಬೇಡ್ವಾ? ನನಗೋಸ್ಕರ ಹೇಳ್ತಿಲ್ಲ ತಾನೇ?"

"ಬೇಡ ಅಂದೆನಲ್ಲೇ! ಕಣ್ಣಿಗೆ ಚುಚ್ಚುತ್ತೆ, ಆರಿಸು ಮಾರಾಯ್ತಿ!" ಎಂದು ಅತ್ತೆ ಮೊಟ್ಟಮೊದಲ ಸಲ ಕೂಗಿದರು.

ಅವಳು ಆರಿಸಿದಳು. ಹೊಸ್ತಿಲು ದಾಟಿದವಳು ಮತ್ತೆ ತಿರುಗಿ ಬಂದು, ಕತ್ತಲಲ್ಲೇ ಮಂಚದಡಿ ಬಗ್ಗಿ, ಆ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಿಕೊಂಡು ಹೋದಳು.