ಗುಡ್ಡೆಯೊಳಗಿನ ಬಿಸಿ

ಬಸ್ ಡಿಪೋದ ಹಿಂಭಾಗದಲ್ಲಿ ಡೀಸೆಲ್ ಕುಡಿದು ಕಪ್ಪಾದ ಮಣ್ಣನ್ನು ಅಗೆದು ಎದೆಯೆತ್ತರ ಗುಡ್ಡೆ ಹಾಕಿದ್ದರು. ಅದಕ್ಕೆ ಗೊಬ್ಬರ ಬೆರೆಸಿ, ನೀರು ಚಿಮುಕಿಸಿ, ಸಲಿಕೆಯಲ್ಲಿ ತಿರುವಿ ಹಾಕುವುದು ಅವಳ ಕೆಲಸ. ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲೇ ಇವೆ, ಅವಕ್ಕೆ ಗಾಳಿ, ನೀರು, ಗೊಬ್ಬರ ಸಿಕ್ಕರೆ ಸಾಕು ಎಂದು ಮಣ್ಣಿನ ಪರೀಕ್ಷೆಗೆ ಲ್ಯಾಬಿನಿಂದ ಬರುವ ಮೇಡಂ ಹೇಳಿಕೊಟ್ಟಿದ್ದರು. ಡಿಪೋದವರು ಅವಳನ್ನು ಗುಡ್ಡೆಯಕ್ಕ ಎನ್ನುತ್ತಿದ್ದರು.

ಇಪ್ಪತ್ತೆರಡಕ್ಕೆ ಬಸ್ಸು ತೊಳೆಯಲು ಸೇರಿದವಳಿಗೆ ಈಗ ಐವತ್ತೇಳು. ಮಂಡಿ ಎರಡೂ ಹೋಗಿವೆ. ಗಂಡ ಇದೇ ಡಿಪೋದ ಮೆಕ್ಯಾನಿಕ್; ಬಿಡಿಭಾಗ ತೊಳೆದ ಡೀಸೆಲನ್ನು ಮೂವತ್ತು ವರ್ಷ ಅಲ್ಲೇ ಚೆಲ್ಲಿ ನಿವೃತ್ತನಾದವನು. ಗಂಡ ಚೆಲ್ಲಿದ್ದನ್ನು ಬಳಿಯುವುದು ಅವಳಿಗೆ ಹೊಸದಲ್ಲ. ಅಡುಗೆಮನೆಯಲ್ಲೂ ಅದೇ ನಡೆದಿತ್ತು.

ಗುಡ್ಡೆ ಪರೀಕ್ಷೆಯಲ್ಲಿ ಪಾಸಾದರೆ ಅವಳನ್ನು ಸ್ಟೋರಿಗೆ ಹಾಕುವುದಾಗಿ ಸೂಪರ್‌ವೈಸರ್ ಮಾತು ಕೊಟ್ಟಿದ್ದ. ಸ್ಟೋರಿನಲ್ಲಿ ಕುರ್ಚಿ ಇದೆ. ಸ್ಪ್ಯಾನರ್ ಕೊಡುವುದು, ವಾಪಸು ಪಡೆಯುವುದು, ಕೂರುವುದು. ಆ ಕುರ್ಚಿಯ ಆಸೆಗೇ ಅವಳು ಏಳು ತಿಂಗಳು ಸಲಿಕೆ ಹಿಡಿದಳು. ಹೋದ ಸಲದ ಪರೀಕ್ಷೆಯಲ್ಲಿ ಗುಡ್ಡೆ ಕೂದಲೆಳೆಯಲ್ಲಿ ಫೇಲಾಗಿತ್ತು. "ನಡುವೆ ಇನ್ನೂ ವಾಸನೆ ಇದೆ, ಒಂದು ತಿಂಗಳು ತಿರುವಿ" ಎಂದಿದ್ದರು ಮೇಡಂ. ದಿನಾ ಬೆಳಿಗ್ಗೆ ಅವಳು ಮೊಳಕೈವರೆಗೆ ಗುಡ್ಡೆಯೊಳಗೆ ಕೈ ತೂರಿಸುವಳು. ಬೆಚ್ಚಗಿದ್ದರೆ ಜೀವಿಗಳು ಉಣ್ಣುತ್ತಿವೆ ಎಂದರ್ಥ.

ಆ ಸೋಮವಾರ ಒಳಗೆ ತಣ್ಣಗಿತ್ತು. ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಹೊಡೆಯಿತು.

ಮನೆಗೆ ಬಂದರೆ ಗಂಡನ ಅಂಗಿಯಲ್ಲೂ ಅದೇ ಘಾಟು. ಕೇಳಿದಳು. "ರೀ, ನಿನ್ನೆ ಡಿಪೋಗೆ ಹೋಗಿದ್ರಾ?"

"ಹೋಗಿದ್ದೆ. ವಾಚ್‌ಮನ್ ಬಿಟ್ಟ. ಎರಡು ಮೂಟೆ ಬ್ಲೀಚಿಂಗ್ ಪುಡಿ ಕದಡಿ, ಗುಡ್ಡೆ ತುಂಬಾ ತೂತು ಮಾಡಿ ಹುಯ್ದೆ. ವಾಸನೆ ಹೋಯ್ತೋ ಇಲ್ವೋ?"

"ಹೋಯ್ತು. ಒಳಗಿದ್ದ ಜೀವನೂ ಹೋಯ್ತು."

"ಕಣ್ಣಿಗೆ ಕಾಣದ ಹುಳಕ್ಕೆ ಇಷ್ಟು ಸಂಕಟಾನಾ? ನನಗೆ ಜ್ವರ ಬಂದಾಗಲೂ ಇಷ್ಟು ಪಟ್ಟಿರಲಿಲ್ಲ ನೀನು!"

"ನಿಮ್ಮ ಜ್ವರ ಇಳಿದ್ರೆ ನನಗೇನೂ ಕುರ್ಚಿ ಸಿಗ್ತಿರಲಿಲ್ಲ."

ಅವನ ದನಿ ಇಳಿಯಿತು. "ಬೇಗ ಸಿಗಲಿ ಅಂತಲೇ ಮಾಡಿದೆ ಕಣೇ."

ಏಳು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು.

ಮರುದಿನ ಸೂಪರ್‌ವೈಸರ್ ಗುಡ್ಡೆಯನ್ನು ಮೂಸಿ ನೋಡಿ ಮುಖ ಅರಳಿಸಿದ. "ಅಕ್ಕಾ, ಡೀಸೆಲ್ ವಾಸನೆನೇ ಇಲ್ಲ! ಇವತ್ತೇ ಮಣ್ಣು ಪರೀಕ್ಷೆಗೆ ಕಳಿಸೋಣ."

"ಬೇಡ ಸಾರ್. ವಾಸನೆ ಮುಚ್ಚಿದೆ ಅಷ್ಟೇ, ಡೀಸೆಲ್ ಹಾಗೇ ಇದೆ. ಅದನ್ನ ತಿನ್ನೋವೇ ಸತ್ತಿವೆ."

"ಯಾರು ಮಾಡಿದ್ದು?"

"ನಮ್ಮನೆಯವರು."

ಅವನು ತಲೆ ಕೆರೆದುಕೊಂಡ. "ಸ್ಟೋರ್ ಇನ್ನು ಖಾಲಿ ಇಡೋಕಾಗಲ್ಲ ಅಕ್ಕಾ." ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಲ್ಲಿ ಟೈರ್ ವಿಭಾಗದವನು ಕೂತಿದ್ದ.

ಬುಧವಾರ ಗಂಡ ಹೆಂಡತಿ ಇಬ್ಬರೂ ಗೇಟಿಗೆ ಬಂದರು. "ಏನ್ ಮೆಕ್ಯಾನಿಕ್ ಸಾಹೇಬ್ರೇ, ಮತ್ತೆ ಡ್ಯೂಟಿಗಾ?" ಎಂದ ವಾಚ್‌ಮನ್.

"ಶಿಕ್ಷೆಗೆ" ಎಂದ ಅವನು.

ಮೊದಲೇ ಶುದ್ಧವಾಗಿದ್ದ, ಜೀವಿಗಳು ಇನ್ನೂ ಬದುಕಿದ್ದ ಪಕ್ಕದ ಚಿಕ್ಕ ಗುಡ್ಡೆಯಿಂದ ಅವಳು ನಾಲ್ಕು ಬುಟ್ಟಿ ಮಣ್ಣು ತಂದು, ಹಾಲಿಗೆ ಹೆಪ್ಪು ಹಾಕುವಂತೆ ಅಲ್ಲಲ್ಲಿ ಉದುರಿಸಿದಳು. ಗಂಡ ಹತ್ತು ಸಲಿಕೆ ತಿರುವಿ ಸೊಂಟ ಹಿಡಿದುಕೊಂಡ.

"ಎಷ್ಟು ದಿನ ಇದು?"

"ನಾಲ್ಕು ತಿಂಗಳಾದರೂ ಬೇಕು. ಮಾತು ಕಮ್ಮಿ ಮಾಡಿದ್ರೆ ಬೇಗ ಆಗುತ್ತೆ."

ಅವನು ಸಲಿಕೆ ಎತ್ತಿದ. ಅವಳು ಗೊಬ್ಬರದ ಮೂಟೆ ಬಿಚ್ಚಿದಳು.