ಶಾಲು ಬಿಡದ ಅತಿಥಿಗಳು

ಫೋಟೊ ಮುಗಿದರೂ ಮುಖ್ಯ ಅತಿಥಿಗಳು ಸನ್ಮಾನದ ಶಾಲು ತೆಗೆಯಲಿಲ್ಲ; ಕಿವಿ ಮುಚ್ಚುವಂತೆ ಎಳೆದುಕೊಂಡರು. ಧಾರವಾಡ ಕಡೆಯ ಹಿರಿಯರು. ನಿರೂಪಣೆ ಮಾಡುತ್ತಿದ್ದ ನಾನೂ ಆ ಕಡೆಯವಳೇ ಎಂದು ಗೊತ್ತಿದ್ದರಿಂದ ಮೆಲ್ಲಗೆ ಕರೆದರು. “ಭಾಳ ಥಂಡಿ ಆಗ್ಲಿಕ್ಕತ್ತದರೀ ಮ್ಯಾಡಮ್, ಎ.ಸಿ. ಬಂದ್ ಮಾಡಸ್ರಿ.”

ಪುಣೆಯ ನಮ್ಮ ವಿಶ್ವವಿದ್ಯಾಲಯದಲ್ಲಿ ಅಂದು ನಡೆಯುತ್ತಿದ್ದದ್ದು ವಿದ್ಯುತ್ ಉಳಿತಾಯದ ವಿಚಾರ ಸಂಕಿರಣ. ಕಂಡಕಂಡವರು ಎ.ಸಿ. ಹಾಕಿ ವಿದ್ಯುತ್ ಪೋಲು ಮಾಡಬಾರದೆಂದು ಹಸಿರು ಸಮಿತಿ ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತದೆ. ಬೆಳಿಗ್ಗೆ ಸಮಿತಿಯ ಅಧ್ಯಕ್ಷರೇ ಬಂದು ಎ.ಸಿ. ಹಾಕಿ, ಮತ್ತೆ ಬೀಗ ಜಡಿದು, ಊರಾಚೆ ಹಿಂಜವಾಡಿಯ ಕಂಪನಿಯೊಂದರಲ್ಲಿ ಇದೇ ವಿಷಯದ ಭಾಷಣಕ್ಕೆ ಹೊರಟುಹೋಗಿದ್ದರು.

“ಕೀಲಿಕೈ ಹಿಂಜವಾಡಿಗೆ ಹೋಗ್ಯದರೀ ಸರ್,” ಎಂದೆ.

ಮೇನ್ ಸ್ವಿಚ್ ಆರಿಸಿದರೆ ಮೈಕೂ ಸತ್ತುಹೋಗುತ್ತದೆ. ಕೊನೆಗೆ ಹೊರಗಿನ ಬಿಸಿಗಾಳಿಯಾದರೂ ಬರಲೆಂದು ಕಿಟಕಿಗಳನ್ನೆಲ್ಲ ತೆರೆದೆವು. ಎ.ಸಿ. ಇನ್ನೂ ಜೋರಾಗಿ ಗುರುಗುಟ್ಟತೊಡಗಿತು. ಪಾಪ, ಅತಿಥಿಗಳು ನಡುಗುತ್ತಲೇ ಭೂಮಿಯ ತಾಪ ಏರುತ್ತಿರುವುದರ ಬಗ್ಗೆ ಮಾತಾಡಿದರು. ನಾವು ಕೈ ಬೆಚ್ಚಗಾಗಲೆಂದು ಜೋರಾಗಿ ಚಪ್ಪಾಳೆ ತಟ್ಟಿದೆವು.

ಮುಂದಿನ ವಾರ ಹಸಿರು ಸಮಿತಿ ಸಭೆ ಸೇರಿತು. ರಿಮೋಟಿನ ಮಾತು ಯಾರೂ ಎತ್ತಲಿಲ್ಲ. ಇನ್ನು ಮೇಲೆ ಸನ್ಮಾನಕ್ಕೆ ಉಣ್ಣೆಯ ಶಾಲನ್ನೇ ತರಿಸಬೇಕೆಂದು ಒಮ್ಮತದಿಂದ ತೀರ್ಮಾನವಾಯಿತು.