ಉಸ್ತಾದರಿಗೆ ಆಯಿ ಬಡಿಸಿದ ಹೋಳಿಗೆ

ಹಾನಗಲ್ಲಿನಲ್ಲಿ ಕಾಲೇಜು ಓದುವಾಗ ನಾನು ಕುಸ್ತಿ ಆಡುತ್ತಿದ್ದೆ. ನಮಗೆ ಕಲಿಸುತ್ತಿದ್ದ ಉಸ್ತಾದರು ಪಟ್ಟುಗಳಿಗಿಂತ ಹೆಚ್ಚಾಗಿ ನಮ್ಮ ಊಟದ ಹೊತ್ತಿನ ಬಗ್ಗೆ ಮಾತಾಡುತ್ತಿದ್ದರು. ಮಧ್ಯಾಹ್ನದ ಊಟ ಬೇಗ ಮುಗಿಯಬೇಕು. ಸಂಜೆ ತಾಲೀಮಿಗೆ ಬರುವ ಮುಂಚೆ ಒಂದು ಬಾಳೆಹಣ್ಣು, ಅಷ್ಟೇ. ರೊಟ್ಟಿ, ಕಾಳಿನ ಪಲ್ಯ, ಮೊಸರು ಎಲ್ಲ ತಾಲೀಮು ಮುಗಿದ ಮೇಲೆ. ಹಾಗಾದರೆ ಮೈ ಹಗುರಾಗಿರುತ್ತದೆ, ದಮ್ಮು ಉಳಿಯುತ್ತದೆ, ತೂಕವೂ ಏರುವುದಿಲ್ಲ ಎನ್ನುತ್ತಿದ್ದರು.

ಆದರೆ ನಾನಿದ್ದದ್ದು ಆಯಿಯ ಮನೆಯಲ್ಲಿ. ಆಯಿ ಎಂದರೆ ನಮ್ಮವ್ವನ ತಾಯಿ. ನಾನು ಬೂಟು ಕಟ್ಟಿಕೊಳ್ಳುವ ಹೊತ್ತಿಗೆ ಸರಿಯಾಗಿ ಆಕೆ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ ಸವರಿಕೊಂಡು ಬಾಗಿಲಿಗೆ ಅಡ್ಡ ಕೂಡುತ್ತಿದ್ದಳು.

"ಜಗಳಾಡಾಕ ಹೋಗಾಕಿ ಹಸ್ಕೊಂಡ ಹೋಗ್ತಾಳೇನ?"

"ಜಗಳ ಅಲ್ಲ ಆಯಿ, ಕುಸ್ತಿ."

"ಎರಡರಾಗೂ ಕೆಡವೂದ ಹೌದಿಲ್ಲೊ? ತಿನ್ನ."

ಹಾಗೆ ತಿಂದು ಹೋದ ಒಂದು ಸಂಜೆ, ಹಿರೇಕೆರೂರಿನಿಂದ ಬರುತ್ತಿದ್ದ ಗೆಳತಿ ನನ್ನನ್ನು ಎತ್ತಿ ಒಗೆದಳು. ಅಂಗಾತ ಬಿದ್ದವಳಿಗೆ ದೊಡ್ಡ ತೇಗು ಬಂತು. ಉಸ್ತಾದರು ಬಗ್ಗಿ ನೋಡಿದರು.

"ಶೇಂಗಾ ಚಟ್ನಿ," ಎಂದರು. "ನಾಳೆ ನಿಮ್ಮ ಆಯಿನ್ನ ಕರ್ಕೊಂಡ ಬಾ."

ಆಯಿ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಡಬ್ಬಿ ಹಿಡಿದು ಬಂದಳು. ಹೊಟ್ಟೆ ತುಂಬಿದವರಿಗೆ ಕಾಲು ಯಾಕೆ ಏಳುವುದಿಲ್ಲ ಎಂದು ಉಸ್ತಾದರು ಬಿಡಿಸಿ ಹೇಳಿದರು. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ವಿನಯದಿಂದ ಕೇಳಿದಳು.

"ನೀವು ಹೇಳೂದು ಖರೆ ಇರಬೇಕ್ರಿ. ಮನಿಯಾಗ ಹೋಳಿಗಿ ಮಾಡಿದ್ದೆ. ಒಂದ ತಿನ್ರಿ."

ಒಂದು ತಿಂದರು. ತುಪ್ಪ ಉಳಿಯಿತೆಂದು ಇನ್ನೊಂದು ಹಾಕಿದಳು. ಹೋಳಿಗೆ ಉಳಿಯಿತೆಂದು ಮತ್ತೆ ತುಪ್ಪ ಸುರಿದಳು. ಡಬ್ಬಿಯ ತಳ ಕಂಡ ಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಈಗ ನಮ್ಮ ಹುಡುಗಿಗೆ ಏನ ಕಲಿಸ್ತೀರಿ, ನಾನೂ ನೋಡತೇನಿ," ಎಂದು ಗೋಡೆಗೆ ಒರಗಿ ಕುಳಿತಳು.

ಉಸ್ತಾದರು ಮ್ಯಾಟಿನ ನಡುವೆ ನಿಂತು ನನಗೆ ಕಾಲು ಹಿಡಿಯಲು ಹೇಳಿದರು. ದಿನಾಲೂ ನಾನು ಹಿಡಿಯುವಷ್ಟರಲ್ಲಿ ಅವರು ಹಿಂದೆ ಜಿಗಿದಿರುತ್ತಿದ್ದರು. ಅಂದು ಕಾಲು ಸಿಕ್ಕಿಬಿಟ್ಟಿತು. ಎಳೆದೆ. ಅವರು ದೊಪ್ಪನೆ ಕುಳಿತರು, ಕುಳಿತಲ್ಲೇ ಉಳಿದರು. ಹುಡುಗಿಯರೆಲ್ಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

"ಏಳ್ರಿ ಉಸ್ತಾದ್ರ," ಎಂದಳು ಆಯಿ.

"ಸ್ವಲ್ಪ ತಡೀರಿ ಯಮ್ಮಾ."

ಮನೆಗೆ ಮರಳುವಾಗ ಆಯಿ ಬಹಳ ಗಂಭೀರವಾಗಿದ್ದಳು. "ಅವರು ಹೇಳೂದು ಖರೆ ಐತಿ ನೋಡ. ನಾನು ಪರೀಕ್ಷಾ ಮಾಡಿದೆ," ಎಂದಳು.

ಅಂದಿನಿಂದ ಆಕೆ ಉಸ್ತಾದರಿಗಿಂತ ಕಟ್ಟುನಿಟ್ಟಾದಳು. ಸವಣೂರಿನ ನಂಟರ ಮನೆಗೆ ಹೋದಾಗ ಅವರು ನನ್ನ ಮುಂದೆ ಎಣ್ಣೆಯಲ್ಲಿ ಕರಿದ ಖಾರದ ತಟ್ಟೆ ಇಟ್ಟರು. "ಆಕಿದು ಇನ್ನೂ ತಿನ್ನೂ ಹೊತ್ತಾಗಿಲ್ರಿ," ಎಂದು ಆಯಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ನನ್ನ ಪಾಲನ್ನೂ ತಾನೇ ಸಾವಕಾಶವಾಗಿ ತಿಂದಳು. ನಾನು ನೀರು ಕುಡಿದೆ.

ಶಿಗ್ಗಾವಿಯಲ್ಲಿ ಪಂದ್ಯ ನಡೆದಾಗಲೂ ಜೊತೆಗೆ ಬಂದಳು. ತೂಕ ಸರಿಯಾಗಿ ಬಂತು, ಮೈ ಹೂವಿನಂತಿತ್ತು. ಒಂದೊಂದೇ ಕುಸ್ತಿ ಗೆಲ್ಲುತ್ತ ಫೈನಲ್ಲಿಗೆ ಬಂದೆ. ಅಲ್ಲಿ ರಟ್ಟೀಹಳ್ಳಿಯ ಹುಡುಗಿಯೊಬ್ಬಳು ಕೊನೆಗಳಿಗೆಯಲ್ಲಿ ನನ್ನನ್ನು ಕೆಡವಿದಳು. ಆದರೂ ಎದ್ದು ನಿಂತಾಗ ನನ್ನಲ್ಲಿ ಇನ್ನೊಂದು ಕುಸ್ತಿಗಾಗುವಷ್ಟು ಉಸಿರಿತ್ತು. ಅದು ನನಗೇ ಸೋಜಿಗವೆನಿಸಿ, ಸೋತ ಬೇಸರ ಅರ್ಧ ಇಳಿಯಿತು.

ಆಯಿ ಮಾತ್ರ ಸುಮ್ಮನಿರಲಿಲ್ಲ. ಗೆದ್ದವಳ ತಾಯಿಯನ್ನು ಹುಡುಕಿಕೊಂಡು ಹೋದಳು.

"ನಿಮ್ಮಾಕಿ ಆಡೂಕಿಂತ ಮೊದಲ ಏನ ತಿಂದಿದ್ಲ್ರಿ?"

"ಬಸ್‌ಸ್ಟ್ಯಾಂಡಿನಾಗ ಹೊಟ್ಟಿ ತುಂಬ ಗಿರ್ಮಿಟ್ಟು, ಮಿರ್ಚಿ ಭಜಿ ತಿಂದ್ಲ್ರಿ," ಎಂದಳು ಆ ತಾಯಿ.

ಆಯಿ ತಿರುಗಿ ಬಂದು ನನ್ನ ಪಕ್ಕ ಕುಳಿತು, "ಸುಳ್ಳ ಹೇಳ್ತಾಳ ಆಕಿ," ಎಂದಳು.